ಕಚ್ಚುವ, ನೂಕುವ ಮಗುವಿಗೆ ಪಾಳಿ ಕಾಯುವುದನ್ನು ಕಲಿಸುವುದು ಹೇಗೆ?

ಮಗು ಅಂಗನವಾಡಿಯಲ್ಲಿ ಜೊತೆಯವರನ್ನು ಕಚ್ಚುತ್ತದೆ, ನೂಕುತ್ತದೆ, ಕೇಳಿದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ ಎಂಬ ದೂರು ಬಂದ ದಿನ ಮನೆಯವರು ಮೊದಲು ಮಾಡುವುದು ಗದರಿಸುವ ಕೆಲಸ. ಗದರಿಕೆಯಿಂದ ಮಗುವಿಗೆ ಏನು ಮಾಡಬಾರದು ಎಂಬುದಷ್ಟೇ ತಿಳಿಯುತ್ತದೆ. ಆಟಿಕೆ ಬೇಕಾದಾಗ ಹೇಗೆ ಕೇಳಬೇಕು, ಸಿಟ್ಟು ಬಂದಾಗ ಕೈಯನ್ನು ಹೇಗೆ ತಡೆಯಬೇಕು ಎಂಬುದನ್ನು ಯಾರಾದರೂ ಬೇರೆಯಾಗಿ ಕಲಿಸಬೇಕಾಗುತ್ತದೆ. ಮೂರರಿಂದ ಆರು ವರ್ಷದ ಮಕ್ಕಳಲ್ಲಿ ಆವೇಗವನ್ನು ಹಿಡಿದಿಡುವ ಮಿದುಳಿನ ಮುಂಭಾಗ ಇನ್ನೂ ಬೆಳೆಯುತ್ತಿರುತ್ತದೆ. ಹೀಗಾಗಿ ಈ ಪಾಠ ನಿಧಾನವಾದದ್ದು, ಆದರೆ ಖಂಡಿತ ಕಲಿಸಬಹುದಾದದ್ದು.

ಮೊದಲನೆಯದಾಗಿ, ಒಂದು ವಾರ ಗಮನಿಸಿ ಬರೆದಿಡಿ. ‘ಬಹಳ ಕಿಡಿಗೇಡಿತನ ಮಾಡಿದ’ ಎಂಬ ಬರಹದಿಂದ ಪ್ರಯೋಜನವಿಲ್ಲ. ‘ಊಟಕ್ಕೆ ಸಾಲಿನಲ್ಲಿ ನಿಲ್ಲಿಸಿದಾಗ ಮುಂದಿದ್ದ ಹುಡುಗಿಯ ಜಡೆ ಎಳೆದ, ಅಕ್ಕೋರು ಕರೆದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು’ ಎಂದು ಬರೆದರೆ ಮುಂದಿನ ದಾರಿ ಕಾಣುತ್ತದೆ. ಜಡೆ ಎಳೆದದ್ದರಿಂದ ಆ ಹುಡುಗನಿಗೆ ಕಾಯುವುದು ತಪ್ಪಿತು, ಅಕ್ಕೋರ ಪಕ್ಕದ ಜಾಗವೂ ಸಿಕ್ಕಿತು. ಏನನ್ನಾದರೂ ಪಡೆಯಲು, ಯಾರಾದರೂ ತನ್ನತ್ತ ನೋಡಲಿ ಎಂದು, ಇಲ್ಲವೇ ಬೇಡದ್ದನ್ನು ತಪ್ಪಿಸಿಕೊಳ್ಳಲು ಮಕ್ಕಳು ಹೀಗೆ ಮಾಡುವುದೇ ಹೆಚ್ಚು. ಇಂಥ ಹುಡುಗನಿಗೆ ಸಾಲು ನಿಲ್ಲುವ ಮೊದಲೇ ತಾಟು ಹಂಚುವ ಕೆಲಸ ಕೊಡಬೇಕು, “ಅಕ್ಕೋರೆ, ನನ್ನ ಪಾಳಿ ಯಾವಾಗ?” ಎಂದು ಕೇಳಲು ಕಲಿಸಬೇಕು, ಮೊದಮೊದಲು ಆ ಪ್ರಶ್ನೆಗೆ ಆಗಿಂದಾಗಲೇ ಉತ್ತರ ಸಿಗಬೇಕು. ಜಡೆ ಎಳೆಯುವುದಕ್ಕಿಂತ ಬಾಯಿಬಿಟ್ಟು ಕೇಳುವುದು ಬೇಗ ಫಲ ಕೊಟ್ಟರೆ ಮಾತ್ರ ಮಗು ಅದನ್ನು ರೂಢಿಸಿಕೊಳ್ಳುತ್ತದೆ. ಇಡೀ ಪ್ರಯತ್ನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ ಎಂದು ನನ್ನ ಭಾವನೆ.

ಎರಡನೆಯದು, ಭಾವನೆಗಳಿಗೆ ಹೆಸರು ಕೊಡುವುದು. “ಅವ ನಿನ್ನ ಕೈಯಾಗಿನ ಚೆಂಡು ಕಸಗೊಂಡ, ನಿನಗ ಸಿಟ್ಟು ಬಂತಲ್ಲ?” ಎಂದು ಮನೆಮಾತಿನಲ್ಲೇ ಹೇಳಿ. ಸಿಟ್ಟು, ಅಂಜಿಕೆ, ಬ್ಯಾಸರಕಿ, ನಾಚಿಕೆ ಇವು ದಿನವೂ ಕಿವಿಗೆ ಬಿದ್ದರೆ ಮಗು ಒಂದು ದಿನ ಹೊಡೆಯುವ ಬದಲು “ನನಗ ಸಿಟ್ಟು ಬಂದೈತಿ” ಎಂದೀತು.

ಮೂರನೆಯದು ಅಭ್ಯಾಸ, ಅದೂ ಮಗು ನಗುನಗುತ್ತ ಇರುವ ಹೊತ್ತಿನಲ್ಲಿ. ಇದಕ್ಕೆ ನಮ್ಮ ಧಾರವಾಡ ಸೀಮೆಯ ಹಬ್ಬಗಳೇ ಸಾಕಷ್ಟು ಅವಕಾಶ ಕೊಡುತ್ತವೆ. ಪಂಚಮಿಯ ಜೋಕಾಲಿಯಲ್ಲಿ ಹತ್ತು ಜೀಕು ಎಣಿಸಿ ಇಳಿದು ಇನ್ನೊಬ್ಬರಿಗೆ ಬಿಟ್ಟುಕೊಡುವುದು, ಮಣ್ಣೆತ್ತಿನ ಅಮಾವಾಸ್ಯೆಗೆ ಒಂದೇ ಮುದ್ದೆ ಮಣ್ಣನ್ನು ಇಬ್ಬರು ಹಂಚಿಕೊಂಡು ಎತ್ತು ಮಾಡುವುದು ಇಂಥವು. ಮೊದಲು ಇಬ್ಬರೇ ಇರಲಿ, ಕಾಯುವ ಹೊತ್ತು ಚಿಕ್ಕದಿರಲಿ. ಅದು ರೂಢಿಯಾದ ಮೇಲೆ ಮೂರನೆಯವರನ್ನು ಸೇರಿಸಿ. ಸಿಟ್ಟು ಬಂದಾಗ ಆಮೆಯಂತೆ ಕೈಕಾಲು ಒಳಗೆಳೆದುಕೊಂಡು ಮೂರು ಸಲ ದೀರ್ಘ ಉಸಿರಾಡುವ ಆಟವನ್ನೂ ಹೀಗೆಯೇ ಆಡಿಸಿ. ಪಾಳಿ ಕಾದ ಮಗುವಿಗೆ ಬರೀ ‘ಶಾಣ್ಯಾ’ ಎಂದರೆ ಸಾಲದು. “ತಂಗಿ ಆಡೂತನಕಾ ಕಾಯ್ದಿ, ಭಾಳ ಚಲೋ ಆತು” ಎಂದು ಅದು ಮಾಡಿದ್ದನ್ನೇ ಹೇಳಿ ಹೊಗಳಬೇಕು.

ರಚ್ಚೆ ಹಿಡಿದಿರುವಾಗ ಪಾಠ ಬೇಡ. ಉಳಿದ ಮಕ್ಕಳನ್ನು ಸರಿಸಿ, ಪೆಟ್ಟಾಗದಂತೆ ನೋಡಿಕೊಂಡು, ತಗ್ಗಿದ ದನಿಯಲ್ಲಿ ಒಂದೆರಡು ಮಾತಾಡಿ ಹತ್ತಿರವೇ ಇರಿ. ಅತ್ತು ಕೇಳಿದ್ದನ್ನು ಕೊಡುವುದು ನಿಂತಾಗ ಮೊದಲ ಕೆಲವು ದಿನ ಅಳು ಇನ್ನೂ ಜೋರಾಗುತ್ತದೆ. ಆಗಲೇ ಅಜ್ಜಿ ಕನಿಕರದಿಂದ ಶೇಂಗಾ ಉಂಡಿ ತಂದು ಕೈಗಿಟ್ಟರೆ, ಇನ್ನಷ್ಟು ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಆದ್ದರಿಂದ ಅಜ್ಜಿ, ಅಜ್ಜ, ಕಾಕಾ, ಅಕ್ಕೋರು ಎಲ್ಲರೂ ಮೊದಲೇ ಕೂತು ಮಾತಾಡಿಕೊಂಡಿರುವುದು ಅಗತ್ಯ. ಎಲ್ಲ ತಣ್ಣಗಾದ ಮೇಲೆ ಬಲವಂತದ ‘ಸಾರಿ’ಗಿಂತ, ಬೀಳಿಸಿದ ಗೆಳೆಯನಿಗೆ ನೀರು ತಂದುಕೊಡುವಂಥ ಕೆಲಸ ಮಾಡಿಸುವುದು ಮೇಲು.

ನಿದ್ದೆ ಮತ್ತು ಮೊಬೈಲ್ ಕಡೆಗೂ ಒಮ್ಮೆ ನೋಡಿ. 3–4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಪರದೆಯ ಮುಂದೆ ಕೂರುವುದು 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

ಇಷ್ಟಾದರೂ ತಿಂಗಳುಗಟ್ಟಲೆ ಬದಲಾವಣೆ ಕಾಣದಿದ್ದರೆ, ಮಗು ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ಇಲ್ಲವೇ ಮಾತು ತಡವಾಗಿದ್ದರೆ ತಜ್ಞರಿಗೆ ತೋರಿಸಿ. ಕಿವಿಯ ಪರೀಕ್ಷೆಯನ್ನು ಮೊದಲು ಮಾಡಿಸಬೇಕು. ಸರಿಯಾಗಿ ಕೇಳಿಸದ ಮಗು ಹಠಮಾರಿ ಎನಿಸಿಕೊಳ್ಳುವುದುಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತಪ್ಪದೆ ತೋರಿಸಿ, ಮನೆಯಲ್ಲಿ ಕಂಡದ್ದನ್ನೂ ಅವರಿಗೆ ಹೇಳಿ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೂ ಹೋಗಬಹುದು. ಹೊರಡುವ ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರಲಿ, ರಾತ್ರಿಯಿರಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.