ಟ್ರಾಕ್ಟರ್ ಮೀಟರಿನ ಬಾಲ, ಮಾರಿಸ್ ಮೈನರಿನ ಮುಖ

ನನ್ನ ಹಳೇ ಬ್ರಿಟಿಷ್ ಕಾರು ಮಾರಿಸ್ ಮೈನರ್ 1000ಕ್ಕೆ ಹಾಕಿದ, ಎಂಜಿನ್ ನೀರಿನ ಬಿಸಿ ತೋರಿಸುವ ಹೀಟ್ ಮೀಟರ್ ಒಂದು ಬೇಸಿಗೆ, ಒಂದು ಮಳೆಗಾಲ ದಾಟಿ ಇನ್ನೂ ಸರಿಯಾಗಿ ಓದುತ್ತಿದೆ. ಅದಕ್ಕೇ ಈಗ ಬರೆಯುವ ಧೈರ್ಯ. ಟ್ರಾಕ್ಟರ್ ಮೀಟರಿನ ಬಾಲ (ತುದಿಯಲ್ಲಿ ಲೋಹದ ಬಲ್ಬ್ ಇರುವ ತೆಳು ಕೊಳವೆ) ಕೊಯ್ದು ಹಳೇ ಬ್ರಿಟಿಷ್ ಕಂಪನಿ ಸ್ಮಿತ್ಸ್‌ನ ಡಯಲ್ಲಿಗೆ ಬೆಸೆಯುತ್ತಾನಂತೆ ಎಂದು ನಕ್ಕವರಲ್ಲೇ ಒಬ್ಬಿಬ್ಬರು ಈಗ ತಮ್ಮ ಗಾಡಿಗೂ ಒಂದು ಮಾಡಿಕೊಡಿ ಅನ್ನುತ್ತಿದ್ದಾರೆ. ನಮ್ಮ ಮೇಸ್ತ್ರಿಯಂತೂ ಮೊದಲ ದಿನವೇ ತೀರ್ಪು ಕೊಟ್ಟಿದ್ದರು: "ಸಾರ್, ಬಾನೆಟ್ಟಿಂದ ಹೊಗೆ ಬಂದ್ರೆ ಬಿಸಿ, ಬರ್ದಿದ್ರೆ ಇಲ್ಲ. ಇದಕ್ಕೆ ಮೀಟ್ರು ಬೇರೆ ಯಾಕೆ?"

ಮೈನರ್ ಇಟ್ಟುಕೊಂಡವರಿಗೆ ಗೊತ್ತು, ಡ್ಯಾಶ್‌ಬೋರ್ಡಿನ ನಡುವೆ ಇರುವುದು ಒಂದೇ ದೊಡ್ಡ ಡಯಲ್ಲು. ವೇಗ, ಪೆಟ್ರೋಲು, ಒಂದೆರಡು ದೀಪ, ಅಷ್ಟೇ. ನೀರಿನ ಬಿಸಿ ದೇವರಿಗೇ ಗೊತ್ತು.

ಮೊದಲು ಎಲ್ಲರೂ ಹೇಳುವ ಹಾದಿಯನ್ನೇ ಹಿಡಿದೆ. ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್, ಅದಕ್ಕೊಂದು ಬಿಸಿ ಅಳೆಯುವ ಸೆಂಡರ್, ಒಳಗೆ ಹೊಸ ಎಲೆಕ್ಟ್ರಿಕ್ ಮೀಟರ್. ಎಲ್ಲ ಸೇರಿ ಎರಡೂವರೆ ಸಾವಿರದ ಹತ್ತಿರ ಹೋಯಿತು. ರಬ್ಬರ್ ಹೋಸಿನ ನಡುವೆ ಕೂತ ಸೆಂಡರಿಗೆ ಬಾಡಿ ಅರ್ಥ್ ಎಲ್ಲಿಂದ ಬರಬೇಕು? ಅದಕ್ಕೊಂದು ಬೇರೆ ವೈರ್ ಎಳೆದೆ. ಆಮೇಲೆ ಗೊತ್ತಾಗಿದ್ದು, ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲಷ್ಟೇ ತೆರೆಯುವ ಕವಾಟ) ತೆರೆಯುವ ತನಕ ಆ ಹೋಸಿನಲ್ಲಿ ಬಿಸಿನೀರು ಹರಿಯುವುದೇ ಇಲ್ಲ. ಥರ್ಮೋಸ್ಟಾಟ್ ಅಂಟಿಕೊಂಡು ಎಂಜಿನ್ ಕುದ್ದರೂ ಮೀಟರ್ ತಣ್ಣಗೆ ಕೂತಿರುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಡೈನಮೋದ್ದು. ಸಿಗ್ನಲ್ಲಿನಲ್ಲಿ ಐಡಲ್ ಆದಾಗ ಚಾರ್ಜ್ ಇಲ್ಲ, ಸಂಜೆ ಹೆಡ್‌ಲೈಟ್ ಬೇರೆ ಉರಿಯುತ್ತಿರುತ್ತದೆ. ವೋಲ್ಟೇಜ್ ಬಿದ್ದ ಕೂಡಲೇ ಮುಳ್ಳೂ ಬೀಳುತ್ತಿತ್ತು. ಅಂದರೆ ಎಂಜಿನ್ ಬಿಸಿಯೇರುವ ಹೊತ್ತಿಗೇ ಮೀಟರ್ "ಏನೂ ಆಗಿಲ್ಲ ಮಲಗು" ಅನ್ನುತ್ತಿತ್ತು. ವೋಲ್ಟೇಜ್ ಸ್ಟೆಬಿಲೈಸರ್ ಹಾಕಿ ಸರಿಮಾಡಬಹುದಿತ್ತು. ಆದರೆ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುವ) ಗಾಡಿಗೆ ಇನ್ನಷ್ಟು ವೈರ್ ಸುತ್ತುವ ಮನಸ್ಸಾಗಲಿಲ್ಲ.

ವೈರೇ ಬೇಡದ ಹಳೇ ಕ್ಯಾಪಿಲರಿ ಮೀಟರೇ ವಾಸಿ ಅನ್ನಿಸಿತು. ಅದರಲ್ಲಿ ಬಲ್ಬಿನೊಳಗಿನ ದ್ರವ ಬಿಸಿಯಾದಾಗ ಏರುವ ಒತ್ತಡ ಕ್ಯಾಪಿಲರಿ ಎಂಬ ತೆಳು ಕೊಳವೆಯಲ್ಲಿ ಬಂದು ಮುಳ್ಳನ್ನು ತಿರುಗಿಸುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಅಂಗಡಿಗಳಲ್ಲಿ ಕೇಳಿದೆ, ಚೆನ್ನಾಗಿರುವ ಸ್ಮಿತ್ಸ್ ಮೀಟರಿಗೆ ಏಳೆಂಟು ಸಾವಿರ ಹೇಳಿದರು. ಗುಜರಿಯಲ್ಲಿ ಬಾಲ ಮುರಿದದ್ದು ಏಳುನೂರಕ್ಕೆ ಸಿಕ್ಕಿತು. ಫ್ಯಾರನ್‌ಹೀಟ್ ಡಯಲ್ಲು, ಗಾಜು ಕ್ರೋಮು ಎರಡೂ ಸೊಗಸಾಗಿದ್ದವು. ಬಾಲ ಮುರಿದದ್ದನ್ನು ಕೊಳ್ಳುವಾಗ ಒಂದು ಪರೀಕ್ಷೆ ಇದೆ: ಉಳಿದ ತುಂಡಿಗೆ ಸೈಕಲ್ ಪಂಪಿನ ಕೊಳವೆ ಬಿಗಿದು ಒತ್ತಬೇಕು. ಮುಳ್ಳು ಏರಿ, ಬಿಟ್ಟಾಗ ಇಳಿದರೆ ಮೀಟರಿನ ಹೊಟ್ಟೆ, ಅಂದರೆ ಒತ್ತಡಕ್ಕೆ ಮುಳ್ಳು ತಿರುಗಿಸುವ ಒಳಭಾಗ, ಚೆನ್ನಾಗಿದೆ ಎಂದರ್ಥ. ಗುಜರಿಯವನು ನಾನು ಪಂಪು ಹಿಡಿದು ಬಂದದ್ದು ನೋಡಿ ಪಂಚರ್ ಹಾಕುವವನು ಅಂದುಕೊಂಡಿದ್ದ.

ಬಾಲಕ್ಕೆ ಟ್ರಾಕ್ಟರ್ ಸ್ಪೇರ್ ಅಂಗಡಿಗೆ ಹೋದೆ. ಅಲ್ಲಿ ಮೆಕ್ಯಾನಿಕಲ್ ಮೀಟರ್ ಐನೂರರ ಆಸುಪಾಸಿಗೆ ಸಿಗುತ್ತದೆ. ಕೊಳ್ಳುವ ಮೊದಲು ಬಿಸಿ ಟೀಗೆ ಬಲ್ಬ್ ಅದ್ದಿ ಮುಳ್ಳು ಏಳುವುದನ್ನು ನೋಡಿ. ಟೀ ನಿಮ್ಮದೇ ಇರಲಿ.

ಬಲ್ಬಿನ ಒಳಗಿರುವುದು ಈಥರ್ ಅನ್ನುವ ದ್ರವ. ಅದು 35 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕುದಿಯುತ್ತದೆ, ಬೆಂಕಿ ಕಂಡರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಈ ಕೆಲಸ ಬಯಲಲ್ಲಿ, ಬ್ಲೋಲ್ಯಾಂಪ್ ಇಲ್ಲದೆ, ಬರೀ ದಪ್ಪ ಸೋಲ್ಡರಿಂಗ್ ಐರನ್‌ನಲ್ಲಿ ಮಾಡಬೇಕು. ಈಥರ್ ಹಾರಿಹೋಗದೆ ಬಲ್ಬಿನಲ್ಲೇ ತಣ್ಣಗೆ ಕೂರಲಿ ಎಂದು ಬಕೆಟ್ಟಿನಲ್ಲಿ ಐಸು, ಅದಕ್ಕೆ ಕಲ್ಲುಪ್ಪು ಸುರಿದು ಬಲ್ಬನ್ನು ಅರ್ಧ ಗಂಟೆಯಾದರೂ ಮುಳುಗಿಸಿಡಬೇಕು. ಆಮೇಲೆ ಟ್ರಾಕ್ಟರ್ ಮೀಟರಿನ ತಲೆಯ ಹತ್ತಿರ ಕ್ಯಾಪಿಲರಿ ಕತ್ತರಿಸಿ, ತುದಿಯನ್ನು ಉಜ್ಜಿ ಹೊಳಪು ಮಾಡಿ, ಸಣ್ಣ ಹಿತ್ತಾಳೆ ಕೊಳವೆಯೊಳಗೆ ಅದನ್ನೂ ಸ್ಮಿತ್ಸ್ ಮೀಟರಿನಲ್ಲಿ ಉಳಿದ ತುಂಡನ್ನೂ ಸೇರಿಸಿ ಬೆಸೆಯಬೇಕು. ಬೆಸೆದು ಆರುವ ತನಕ ಬಲ್ಬ್ ಐಸಿನಿಂದ ಮೇಲೆ ಬರಕೂಡದು.

ಹೇಳಿದಷ್ಟು ಸಲೀಸಲ್ಲ. ಮೊದಲನೆಯದರಲ್ಲಿ ಬೆಸುಗೆಯ ಸೀಸ ಒಳಗೆ ಹರಿದು ರಂಧ್ರವೇ ಮುಚ್ಚಿಹೋಯಿತು. ಇನ್ನೊಂದು ಬೆಸೆದ ದಿನ ಚೆನ್ನಾಗಿ ಓದಿತು, ಬೆಳಿಗ್ಗೆ ನೋಡಿದರೆ ಸತ್ತಿತ್ತು. ಕಣ್ಣಿಗೆ ಕಾಣದ ತೂತಿನಿಂದ ಈಥರ್ ಪೂರಾ ಹಾರಿಹೋಗಿತ್ತು. ಹೀಗೆ ಟ್ರಾಕ್ಟರ್ ಮೀಟರಿಗೇ ಎರಡು ಸಾವಿರದ ಮೇಲೆ ಸುರಿದೆ. ಮನೆಯಲ್ಲಿ "ಟ್ರಾಕ್ಟರೇ ತಗೊಂಡುಬಿಡಿ" ಅಂದರು. ಸೀಸ ಒಳಗೆ ಹರಿಯದಂತೆ ಈಗ ನಾನು ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಕಾಸು ಕೊಟ್ಟಿದ್ದೇನೆ. ಅಡುಗೆಮನೆಯಲ್ಲೇ ಇರುವ ವಸ್ತು ಎಂದಷ್ಟೇ ಹೇಳಬಲ್ಲೆ.

ಇನ್ನು ಕೂರಿಸುವ ಜಾಗ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಮುಂಭಾಗದಲ್ಲಿ, ಥರ್ಮೋಸ್ಟಾಟಿನ ಕೆಳಗೆ ರಂಧ್ರ ಮುಚ್ಚಿರುವ ಒಂದು ಕುರುಡು ಪ್ಲಗ್ ಇದೆ. ರೇಡಿಯೇಟರ್ ಇಳಿಸದೆ ಅಲ್ಲಿಗೆ ಕೈ ಹೋಗುವುದಿಲ್ಲ. ಹತ್ತಾರು ವರ್ಷ ಅಲುಗಾಡದ ಪ್ಲಗ್, ಬಿಸಿ ಮಾಡಿ ತಣ್ಣಗಾಗಿಸಿ ಎರಡು ದಿನ ಪೂಸಿ ಹೊಡೆದ ಮೇಲೆ ಬಿಚ್ಚಿಕೊಂಡಿತು. ಥ್ರೆಡ್ 5/8 ಇಂಚಿನ ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಥ್ರೆಡ್), ಇಂಚಿಗೆ 18 ಸುತ್ತು. ಅಂಗಡಿಯಲ್ಲಿ ಮಿಲಿಮೀಟರ್ ಅಳತೆಯ ಎಂ16 ಕೊಟ್ಟು "ಸೇಮ್ ಸಾರ್" ಅಂತಾರೆ. ಎರಡು ಸುತ್ತು ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಅಲ್ಲಿ ಬಲ ಹಾಕಿದರೆ ಹೆಡ್ಡಿನ ಥ್ರೆಡ್ಡಿಗೆ ತಿಲಾಂಜಲಿ. ಲೇತಿನವನ ಹತ್ತಿರ ಹಿತ್ತಾಳೆ ಅಡಾಪ್ಟರ್ ಮಾಡಿಸಿದೆ, ಕೂಲಿ ಮುನ್ನೂರೋ ಮುನ್ನೂರೈವತ್ತೋ. ಅವನು ಮೊದಲು ಮಾಡಿಕೊಟ್ಟದ್ದು ಉದ್ದವಾಗಿ, ಬಲ್ಬಿನ ಅರ್ಧ ಹಿತ್ತಾಳೆಯೊಳಗೇ ಉಳಿದು, ಹದಿನೈದಿಪ್ಪತ್ತು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಕೊಯ್ದು ಗಿಡ್ಡ ಮಾಡಿಸಿದ ಮೇಲೆ ಬಲ್ಬ್ ನೀರಿಗೆ ಸರಿಯಾಗಿ ಮುಳುಗಿತು. ಕ್ಯಾಪಿಲರಿಯನ್ನು ಎಂಜಿನ್ನಿಂದ ಬಾಡಿಗೆ ದಾಟಿಸುವ ಕಡೆ ಬಳೆಯಷ್ಟು ಅಗಲದ ಎರಡು ಸುತ್ತು ಬಿಡಿ. ಎಂಜಿನ್ ರಬ್ಬರಿನ ಮೇಲೆ ಕುಣಿಯುತ್ತದೆ, ನೇರ ಎಳೆದರೆ ಮತ್ತೆ ಬಾಲ ಮುರಿಯುತ್ತದೆ.

ಗಾಡಿಗೆ ಹಾಕುವ ಮೊದಲು ಕುದಿಯುವ ನೀರಿನಲ್ಲಿ ನೋಡಿದ್ದೆ. ಡಯಲ್ಲಿನಲ್ಲಿ 212 ಫ್ಯಾರನ್‌ಹೀಟ್‌ಗೆ (100 ಸೆಲ್ಸಿಯಸ್) ಬರಲಿಲ್ಲ ಅಂತ ಗೆಳೆಯರೊಬ್ಬರು ಹಂಗಿಸಿದರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು 97 ಸೆಲ್ಸಿಯಸ್ ಸುಮಾರಿಗೇ ಕುದಿಯುತ್ತದೆ, ಅಂದರೆ 207 ಫ್ಯಾರನ್‌ಹೀಟ್. ನನ್ನದು 203 ತೋರಿಸಿತು. ನಾಲ್ಕು ಡಿಗ್ರಿ ವ್ಯತ್ಯಾಸ, ಬೆಸೆದ ಮೀಟರಿಗೆ ನನ್ನ ಪ್ರಕಾರ ಫಸ್ಟ್ ಕ್ಲಾಸ್. ಮಧ್ಯೆ ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ನಿನಿಂದಲೂ ತಾಳೆ ನೋಡಿದೆ. ಹೊಳೆಯುವ ಹಿತ್ತಾಳೆಗೆ ಹಿಡಿದರೆ ಅದು ಬಾಯಿಗೆ ಬಂದದ್ದು ಹೇಳುತ್ತದೆ, ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿದರೆ ಮಾತ್ರ ನಂಬಬಹುದು.

ಮೀಟರ್ ಬಂದ ಮೇಲೆ ತಿಳಿದ ದೊಡ್ಡ ಸಂಗತಿ, ನನ್ನ ಗಾಡಿ ವರ್ಷಗಟ್ಟಲೆ ತಣ್ಣಗೇ ಓಡುತ್ತಿತ್ತು. ಯಾವುದೋ ಕಾಲದಲ್ಲಿ ಯಾರೋ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದರು. ಡಿಸೆಂಬರಿನ ಬೆಳಿಗ್ಗೆ ಹೈವೇಯಲ್ಲಿ 145 ಫ್ಯಾರನ್‌ಹೀಟ್ ದಾಟುತ್ತಿರಲಿಲ್ಲ. 74 ಡಿಗ್ರಿ ಸೆಲ್ಸಿಯಸ್ಸಿನ ಥರ್ಮೋಸ್ಟಾಟ್ ಹಾಕಿದೆ, ಈಗ 165ರಿಂದ 175 ಫ್ಯಾರನ್‌ಹೀಟಿನೊಳಗೆ ನಿಲ್ಲುತ್ತದೆ, ಪೆಟ್ರೋಲೂ ಸ್ವಲ್ಪ ಉಳಿಯುತ್ತಿರುವ ಹಾಗಿದೆ. ಸಿಗ್ನಲ್ಲಿನಲ್ಲಿ 190, ನಂದಿ ಬೆಟ್ಟ ಹತ್ತಿದಾಗ ಮೇಲಿನ ತಿರುವುಗಳಲ್ಲಿ 205ರ ಹತ್ತಿರ. ರೇಡಿಯೇಟರಿನ 7 ಪೌಂಡ್ ಒತ್ತಡದ ಕ್ಯಾಪ್ ಸರಿಯಾಗಿ ಹಿಡಿದರೆ ಅಷ್ಟಕ್ಕೆ ಹೆದರಬೇಕಿಲ್ಲ. ಮೇಲೆ ಹೋಗಿ ಎಂಜಿನ್ ಆಫ್ ಮಾಡಿದಾಗ ಮುಳ್ಳು ಇನ್ನೂ ಏಳೆಂಟು ಡಿಗ್ರಿ ಏರುತ್ತದೆ. ನೀರಿನ ಪಂಪು ನಿಂತಿತಲ್ಲ, ಹೆಡ್ಡಿನ ಬಿಸಿಯೆಲ್ಲ ನಿಂತ ನೀರಿಗೆ ಬರುತ್ತದೆ. ಹಾಗಾಗಿ ಈಗ ಒಂದು ನಿಮಿಷ ಐಡಲಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡುತ್ತೇನೆ.

ಕೆಟ್ಟುಹೋದ ಸಾಮಾನು, ಎಲೆಕ್ಟ್ರಿಕ್ ಮೀಟರ್ ಎಲ್ಲ ಸೇರಿಸಿದರೆ ಖರ್ಚು ಆರೂವರೆ ಸಾವಿರ ಆಗಿರಬೇಕು, ಚೆನ್ನಾಗಿರುವ ಸ್ಮಿತ್ಸ್ ಕೊಂಡಿದ್ದರೂ ಹೆಚ್ಚುಕಡಿಮೆ ಅಷ್ಟೇ. ಎರಡನೆಯದು ಮಾಡಲು ಮಾತ್ರ ಸಾವಿರದೈನೂರರೊಳಗೆ ಮುಗಿಯುತ್ತದೆ. ಮೇಸ್ತ್ರಿ ಮೊನ್ನೆ ಯಾರದೋ ಅಂಬಾಸಿಡರಿಗೆ ಒಂದು ಬೇಕು ಅಂದರು. ಐಸು, ಉಪ್ಪು ನೀವೇ ತನ್ನಿ ಅಂದಿದ್ದೇನೆ.