ಜೆಮಿನಿಡ್ ಉಲ್ಕೆಗಳ ಫೋಟೋ: ನನ್ನ ಅನುಭವ

ಪರ್ಸೀಡ್ ಉಲ್ಕಾವೃಷ್ಟಿ ಬರುವುದು ಆಗಸ್ಟ್‌ನಲ್ಲಿ, ಕರ್ನಾಟಕದಲ್ಲಿ ಆಗ ಮಳೆಗಾಲ. ಹಾಗಾಗಿ ನಾನು ನೆಚ್ಚಿಕೊಳ್ಳುವುದು ಡಿಸೆಂಬರ್ 13-14ರ ರಾತ್ರಿಯ ಜೆಮಿನಿಡ್‌ಗಳನ್ನು. ಇವುಗಳ ವೇಗ ಸೆಕೆಂಡಿಗೆ ಸುಮಾರು 35 ಕಿ.ಮೀ., ಪರ್ಸೀಡ್‌ಗಳದು 59. ನಿಧಾನವಾದಷ್ಟೂ ಬೆಳಕು ಒಂದೊಂದು ಪಿಕ್ಸೆಲ್ ಮೇಲೆ ಹೆಚ್ಚು ಹೊತ್ತು ಬೀಳುತ್ತದೆ. ಕ್ಯಾಮೆರಾ ಜೊತೆಗೇ ಬರುವ ಸಾಧಾರಣ ಕಿಟ್ ಲೆನ್ಸ್‌ಗೂ ಸಿಗುತ್ತವೆ.

ಉಲ್ಕೆಗಳು ಹೊಮ್ಮಿದಂತೆ ಕಾಣುವ ಬಿಂದು ಪುನರ್ವಸುವಿನ ಕ್ಯಾಸ್ಟರ್ ನಕ್ಷತ್ರದ ಪಕ್ಕದಲ್ಲಿದೆ. ನಮ್ಮಲ್ಲಿ ರಾತ್ರಿ ಎಂಟರ ಸುಮಾರಿಗೆ ಮೂಡಿ, ಎರಡೂವರೆ ಹೊತ್ತಿಗೆ ನೆತ್ತಿಯ ಹತ್ತಿರ ಬರುತ್ತದೆ. ಕ್ಯಾಮೆರಾ ಅಲ್ಲಿಗೇ ತಿರುಗಿಸಿದರೆ ಗೆರೆಗಳು ಮೊಟಕು. ನಾನು ಸುಮಾರು 40 ಡಿಗ್ರಿ ಆಚೆಗಿರುವ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದತ್ತ ಇಡುತ್ತೇನೆ. ಬೆಳಗಿನ ಜಾವ ಮೂರರ ನಂತರ ಅವನು ಪಶ್ಚಿಮಕ್ಕೆ ಇಳಿದಾಗ ಬಂಡೆ, ಮರಗಳೂ ಚೌಕಟ್ಟಿಗೆ ಬರುತ್ತವೆ.

ನನ್ನ ಸೆಟ್ಟಿಂಗ್: ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ, 18 ಮಿ.ಮೀ. ಲೆನ್ಸ್, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/3.5, ಬೆಳಕಿನ ಸೂಕ್ಷ್ಮತೆ ಅಂದರೆ ಐಎಸ್‌ಒ 3200, ಶಟರ್ 15 ಸೆಕೆಂಡ್, ರಾ ಫೈಲ್ (ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ಫೈಲ್). ಶಟರ್ ಹೆಚ್ಚು ಹೊತ್ತು ತೆರೆದರೆ ಉಲ್ಕೆ ಹೊಳೆಯುತ್ತದೆ ಎಂದು ಹಲವರು ನಂಬಿದ್ದಾರೆ. ಅರೆ ಸೆಕೆಂಡಿನಲ್ಲಿ ಮುಗಿದುಹೋಗುವ ಉಲ್ಕೆಗೆ 15 ಸೆಕೆಂಡಾದರೇನು, 30 ಆದರೇನು? ಬೆಳಗುವುದು ಹಿನ್ನೆಲೆಯ ಆಕಾಶ ಮಾತ್ರ, ಉಲ್ಕೆ ಅದರಲ್ಲಿ ಮುಳುಗುತ್ತದೆ. ಉಲ್ಕೆಯ ಹೊಳಪಿಗೆ ಬೇಕಾದದ್ದು ದೊಡ್ಡ ಅಪರ್ಚರ್, ಹೆಚ್ಚು ಐಎಸ್‌ಒ. ಮಹಾವ್ಯಾಧ ಖಗೋಳ ಮಧ್ಯರೇಖೆಯ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಕಲ್ಪಿಸಿಕೊಂಡ ರೇಖೆ) ಮೇಲಿರುವುದರಿಂದ ನಕ್ಷತ್ರಗಳು ಬೇಗ ಎಳೆದುಕೊಳ್ಳುತ್ತವೆ. 20 ಸೆಕೆಂಡ್ ದಾಟಬೇಡಿ.

ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ಫೋಟೋದ ಕಾಳುಕಾಳು ಕಲೆ ತೆಗೆಯುವ ಕ್ಯಾಮೆರಾ ಸೌಲಭ್ಯ) ಆಫ್ ಇರಲೇಬೇಕು. ಇಲ್ಲದಿದ್ದರೆ ಪ್ರತಿ ಫೋಟೋದ ನಂತರ ಕ್ಯಾಮೆರಾ ಅಷ್ಟೇ ಹೊತ್ತು ಕಣ್ಣು ಮುಚ್ಚಿಕೊಂಡು, ಅರ್ಧ ರಾತ್ರಿ ಹೋಗುತ್ತದೆ. ಕಂಟಿನ್ಯುಯಸ್ ಮೋಡ್‌ಗೆ ಹಾಕಿ ಕೇಬಲ್ ರಿಲೀಸ್ (ತಂತಿಯ ತುದಿಯ ಶಟರ್ ಬಟನ್) ಲಾಕ್ ಮಾಡಿದರೆ ಗಂಟೆಗೆ ಸುಮಾರು 230 ಫೋಟೋ. ತಲಾ 25 ಎಂಬಿ ಎಂದರೂ 6 ಜಿಬಿ ಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಎರಡನೆಯದು ಜೇಬಿನಲ್ಲಿ ಬೆಚ್ಚಗಿರಲಿ.

ಫೋಕಸ್‌ಗೆ ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ) ಲುಬ್ಧಕ (ಸಿರಿಯಸ್) ನಕ್ಷತ್ರವನ್ನು 10 ಪಟ್ಟು ಹಿಗ್ಗಿಸಿ, ಚುಕ್ಕೆ ಅತಿ ಚಿಕ್ಕದಾದಲ್ಲಿ ರಿಂಗಿಗೆ ಟೇಪ್ ಅಂಟಿಸುತ್ತೇನೆ. ರಾತ್ರಿ ಕೆಡಿಸುವುದು ಹೆಚ್ಚಾಗಿ ಇಬ್ಬನಿ. ತೆರೆದ ಆಕಾಶಕ್ಕೆ ಶಾಖ ಕಳೆದುಕೊಂಡ ಗಾಜು ಸುತ್ತಲಿನ ಗಾಳಿಗಿಂತ ತಣ್ಣಗಾಗಿ ಮಂಜುಗಟ್ಟುತ್ತದೆ. ಮಂಜು ಕಟ್ಟಿದ ಮೇಲೆ ಒರೆಸಿ ಫಲವಿಲ್ಲ, ಐದು ನಿಮಿಷಕ್ಕೆ ಮತ್ತೆ ಅದೇ ಕಥೆ. ಆರಂಭದಲ್ಲೇ ಹ್ಯಾಂಡ್ ವಾರ್ಮರ್ ಪೊಟ್ಟಣವನ್ನು ರಬ್ಬರ್ ಬ್ಯಾಂಡಿನಿಂದ ಲೆನ್ಸ್ ತುದಿಗೆ ಕಟ್ಟಿ, ಅರ್ಧ ಗಂಟೆ ಬಿಟ್ಟು ಫೋಕಸ್ ಇನ್ನೊಮ್ಮೆ ನೋಡಿ. ಬಿಸಿಗೆ ಅದು ಸರಿಯುವುದುಂಟು.

ಕೊನೆಗೆ ಉಲ್ಕೆಯಿರುವ ಫೋಟೋ ಆಯುವಾಗ, ಸಾಲಾಗಿ ಮೂರು ನಾಲ್ಕು ಫೋಟೋಗಳಲ್ಲಿ ಮುಂದುವರಿದ ಗೆರೆ ಉಪಗ್ರಹ ಅಥವಾ ವಿಮಾನ. ಒಂದೇ ಫೋಟೋದಲ್ಲಿದ್ದು ಎರಡೂ ತುದಿ ಸಣ್ಣಗಾಗಿದ್ದರೆ ಬಹುತೇಕ ಉಲ್ಕೆ. ಆ ಗೆರೆಯನ್ನು ಹಿಂದಕ್ಕೆ ಎಳೆದಾಗ ಕ್ಯಾಸ್ಟರ್ ಬಳಿ ಮುಟ್ಟಿದರೆ ಜೆಮಿನಿಡ್. ಹಲವು ಉಲ್ಕೆಗಳನ್ನು ಒಂದೇ ಚಿತ್ರಕ್ಕೆ ಸೇರಿಸುವಾಗ ಪ್ರತಿ ಫೋಟೋವನ್ನೂ ಮೊದಲ ಫೋಟೋದ ನಕ್ಷತ್ರಗಳಿಗೆ ಹೊಂದುವಂತೆ ತಿರುಗಿಸಿಯೇ ಅಂಟಿಸಿ, ಇಲ್ಲವಾದರೆ ಗೆರೆಗಳು ದಿಕ್ಕಾಪಾಲಾಗುತ್ತವೆ.