ಕಂಚಿನ ಟರ್ಕಿ ಕೋಳಿಯಲ್ಲಿ ವಿಡಂಬನೆಯನ್ನು ಗುರುತಿಸುವ ಬಗೆ

ಪುನರುಜ್ಜೀವನ ಕಾಲದ ಇಟಲಿಯ ಕಂಚಿನ ಪ್ರಾಣಿಗಳನ್ನು ನೋಡಹೊರಟವರು, ಕೋತಿಯೆಂದರೆ ಮೂರ್ಖತನ, ನವಿಲೆಂದರೆ ಜಂಬ ಎಂಬ ಸಂಕೇತಗಳ ಪಟ್ಟಿಯನ್ನು ಬದಿಗಿಟ್ಟು ಮೊದಲು ಪ್ರಾಣಿಯ ಮೈಯನ್ನೇ ಗಮನಿಸಬೇಕು. ಈ ಅಭ್ಯಾಸಕ್ಕೆ ಫ್ಲಾರೆನ್ಸಿನ ಬಾರ್ಜೆಲ್ಲೊ ವಸ್ತುಸಂಗ್ರಹಾಲಯದಲ್ಲಿರುವ, ಹದಿನಾರನೆಯ ಶತಮಾನದ ಶಿಲ್ಪಿ ಜಾಂಬೊಲೋನ್ಯ ರೂಪಿಸಿದ ಕಂಚಿನ ಟರ್ಕಿ ಕೋಳಿಗಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ.

ಚಿತ್ರಗಳಲ್ಲಿ ನೋಡುವುದಾದರೂ ಎದುರಿನ ಮತ್ತು ಪಕ್ಕದ ನೋಟಗಳೆರಡನ್ನೂ ಹುಡುಕಿಕೊಳ್ಳಿ. ಉಬ್ಬಿದ ಮೈ, ಇಳಿಬಿಟ್ಟ ರೆಕ್ಕೆ, ಬಿಚ್ಚಿದ ಬಾಲ ಇವೆಲ್ಲ ಗಂಡು ಟರ್ಕಿ ಹೆಣ್ಣಿನ ಮುಂದೆ ನಿಜವಾಗಿಯೂ ತೋರುವ ಭಂಗಿಗಳೇ ಆಗಿವೆ; ಆದರೆ ಅಷ್ಟು ದೊಡ್ಡ ಮೈಯ ಮೇಲೆ ಜೋಲುಚರ್ಮದ ಆ ಪುಟ್ಟ ತಲೆಯನ್ನು ಕಂಡಾಗ, ಹೊಸದಾಗಿ ಅಧಿಕಾರಕ್ಕೆ ಬಂದವನೊಬ್ಬನ ಠೀವಿ ನೆನಪಾಗದೆ ಇರದು. ಬಳಿಕ ಗರಿಗಳ ಹತ್ತಿರಕ್ಕೆ ಬನ್ನಿ. ಒಂದೊಂದು ಗರಿಯನ್ನೂ ಎಣಿಸಿ ಕೊರೆಯದೆ, ಮೆತ್ತನೆಯ ಮೇಣದಲ್ಲಿ ಬೆರಳು ಆಡಿಸಿದಂತೆ ಅವನ್ನು ಸಡಿಲವಾಗಿ ಮೂಡಿಸಲಾಗಿದೆ, ಎರಕ ಹೊಯ್ದ ಮೇಲೂ ಆ ಜೀವಂತಿಕೆ ಕಂಚಿನಲ್ಲಿ ಉಳಿದಿದೆ. ಅದೇ ಶತಮಾನದಲ್ಲಿ ಸತ್ತ ಕಪ್ಪೆ, ಏಡಿಗಳ ಮೈಯಿಂದಲೇ ಅಚ್ಚು ತೆಗೆದು ಕಂಚು ಹೊಯ್ಯುವ ಪದ್ಧತಿಯೂ ಇತ್ತು. ಅವು ಎಷ್ಟೇ ಸೊಗಸಾಗಿದ್ದರೂ ಅಲ್ಲಿ ಉತ್ಪ್ರೇಕ್ಷೆಗೆ ಎಡೆ ಕಡಿಮೆ, ಹಾಗಾಗಿ ವಿಡಂಬನೆಗೂ ಕಡಿಮೆ.

ಮೂರನೆಯದಾಗಿ, ಶಿಲ್ಪ ಮೂಲತಃ ಎಲ್ಲಿತ್ತೆಂದು ವಿಚಾರಿಸಬೇಕು. 1560ರ ದಶಕದ ಕೊನೆಯ ಸುಮಾರಿಗೆ ಇದನ್ನು ಮಾಡಿದ್ದು, ಫ್ಲಾರೆನ್ಸಿನ ಬಳಿಯ ಕಾಸ್ಟೆಲ್ಲೊ ಎಂಬಲ್ಲಿದ್ದ, ಆ ನಗರವನ್ನು ಆಳುತ್ತಿದ್ದ ಮೆದಿಚಿ ಮನೆತನದ ತೋಟದರಮನೆಯ ಕೃತಕ ಗುಹೆಗಾಗಿ. ಹದ್ದು, ಗೂಬೆ, ನವಿಲುಗಳೂ ಜೊತೆಯಲ್ಲಿದ್ದವು. ಟರ್ಕಿಯು ಅಮೆರಿಕದಿಂದ ಬಂದು ಇನ್ನೂ ಹೆಚ್ಚು ಕಾಲವಾಗಿರದ ಹಕ್ಕಿಯಾಗಿದ್ದರಿಂದ, ಒಡೆಯರಿಗೆ ಅದು ಹೆಮ್ಮೆಯ ವಸ್ತುವೂ ಆಗಿದ್ದಿರಬೇಕು. ಆದ್ದರಿಂದ ಯಾವುದೋ ಒಬ್ಬ ವ್ಯಕ್ತಿಯನ್ನು ಇಲ್ಲಿ ಗೇಲಿ ಮಾಡಲಾಗಿದೆಯೆಂದು ಹೇಳಲು ಆಧಾರ ಸಾಲದು, ಗೇಲಿಯಿದ್ದರೆ ಅದು ಒಂದು ಸ್ವಭಾವದ ಗೇಲಿ.

ಈ ವ್ಯತ್ಯಾಸ ಸ್ಪಷ್ಟವಾಗಬೇಕಾದರೆ ಕಂಚನ್ನು ಬಿಟ್ಟು ಒಂದು ಮರದಚ್ಚಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಿ. 1506ರಲ್ಲಿ ರೋಮಿನ ಮಣ್ಣಿನಡಿ ದೊರೆತ ಲಾಕೊವೂನ್ ಎಂಬ ಪ್ರಾಚೀನ ಶಿಲ್ಪದಲ್ಲಿ ಹಾವುಗಳ ಹಿಡಿತಕ್ಕೆ ಸಿಕ್ಕಿ ಒದ್ದಾಡುವ ತಂದೆ-ಮಕ್ಕಳನ್ನೇ ಕೋತಿಗಳಾಗಿ ಮಾರ್ಪಡಿಸಿದ, ವೆನಿಸ್ಸಿನ ವರ್ಣಚಿತ್ರಕಾರ ಟಿಶಿಯನ್ನನ ಕಲ್ಪನೆಯೆಂದು ಹೇಳಲಾಗುವ ಚಿತ್ರ ಅದು. ಅಲ್ಲಿ ಯಾವ ಶಿಲ್ಪವನ್ನು ಅಣಕಿಸಲಾಗಿದೆಯೆಂದು ಆ ಕಾಲದ ಬಲ್ಲವರು ನೋಡಿದ ಕೂಡಲೇ ಗುರುತಿಸಬಲ್ಲವರಾಗಿದ್ದರು.